ಲಸಿಕೆಯೂ ತಾಯ್ನುಡಿಯೂ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಲಸಿಕೆಯ ವಿಷಯವೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರಲಾರರು. ಕನ್ನಡ ಕಲಿಸುವವರು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಬರೆದರೆ ಸಾಕು, ಔಷಧೋಪಚಾರದ ಮಾತನ್ನು ಡಾಕ್ಟರರಿಗೆ ಬಿಡುವುದು ಲೇಸು ಎಂಬ ಎಣಿಕೆ ನಮ್ಮ ಜನರಲ್ಲಿ ಬಲವಾಗಿದೆ. ಆದರೆ ಈಚಿನ ವರ್ಷಗಳಲ್ಲಿ ಪಾಲಕರು ನಮ್ಮೊಡನೆ ಆಡಿದ ಮಾತುಗಳನ್ನು ನೆನೆದರೆ, ಈ ವಿಷಯ ಡಾಕ್ಟರರೊಬ್ಬರಿಗೇ ಸೇರಿದ್ದೆಂದು ನಮಗೆ ತೋರುವುದಿಲ್ಲ. ಲಸಿಕೆ ಸೀಸೆಯಲ್ಲಿ ಬರುತ್ತದೆ; ಅದನ್ನು ಕುರಿತ ತಿಳಿವಳಿಕೆ ಮಾತಿನಲ್ಲಿ ಬರುತ್ತದೆ. ಆ ಮಾತು ಯಾವ ಭಾಷೆಯದು ಎಂಬುದು ಭಾಷೆ ಕಲಿಸುವವರು ಕೇಳಬೇಕಾದ ಪ್ರಶ್ನೆಯೇ ಸರಿ.

ನಾವು ಹೇಳಹೊರಟಿರುವುದು ಮುಖ್ಯವಾಗಿ ಒಂದು ಲಸಿಕೆಯ ಸಂಗತಿ. ಹೆಂಗಸರಿಗೆ ಬರುವ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆ ಅದು. ೨೦೨೨ರ ಅಂದಾಜಿನಂತೆ ಆ ಒಂದು ವರ್ಷದಲ್ಲಿಯೇ ನಮ್ಮ ದೇಶದ ಸುಮಾರು ೧,೨೭,೦೦೦ ಹೆಂಗಸರಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು ೮೦,೦೦೦ ಮಂದಿ ಅದರಿಂದ ತೀರಿಕೊಂಡರು. ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಇದೇ ಹೆಚ್ಚು. ಇದಕ್ಕೆ ಬಲಿಯಾಗುವವರಲ್ಲಿ ಬಹುಮಂದಿ ಬಡ ಮನೆಗಳ ನಡುವಯಸ್ಸಿನ ತಾಯಂದಿರು. ನೋವನ್ನು ನುಂಗಿಕೊಂಡು, ನಾಚಿಕೆಯಿಂದ ಬಾಯಿ ಬಿಡದೆ, ಕೊನೆಗೆ ರೋಗ ಬಲಿತ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರು. ತಾಯಿಯಿಲ್ಲದ ಮಗು ತರಗತಿಯಲ್ಲಿ ಹೇಗೆ ಕುಳಿತಿರುತ್ತದೆಂಬುದು ಶಿಕ್ಷಕರಾದವರಿಗೆಲ್ಲ ಗೊತ್ತು.

ಕ್ಯಾನ್ಸರು ಅಂಟುಜಾಡ್ಯವಲ್ಲವೆಂದು ತರಗತಿಯಲ್ಲಿ ನಾವೇ ಹೇಳುತ್ತೇವೆ. ಅಂಥ ರೋಗಕ್ಕೆ ಲಸಿಕೆ ಹೇಗೆ? ರೋಗಿಯನ್ನು ಮುಟ್ಟಿದರೆ ಕ್ಯಾನ್ಸರು ಅಂಟದೆಂಬುದು ದಿಟವೇ. ಆದರೆ ಕೆಲವು ಕ್ಯಾನ್ಸರುಗಳ ಬೀಜವನ್ನು ಬಿತ್ತುವ ವೈರಸ್ಸು ಮಾತ್ರ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಎಂಬ ವಿಜ್ಞಾನಿ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ಎಂಬ ವೈರಸ್ಸಿನ ಕೈವಾಡವಿದೆಯೆಂದು ಹೇಳಿದಾಗ ಅನೇಕರು ನಂಬಲಿಲ್ಲ. ೧೯೮೩ರಲ್ಲಿ ಅವನ ತಂಡದವರು ಆ ವೈರಸ್ಸಿನ ೧೬ನೆಯ ಬಗೆಯನ್ನೂ, ಮರುವರ್ಷ ೧೮ನೆಯ ಬಗೆಯನ್ನೂ ರೋಗದ ಗಡ್ಡೆಗಳಲ್ಲಿಯೇ ಹುಡುಕಿ ತೆಗೆದರು. ಇವೆರಡೇ ಬಗೆಗಳು ಶೇಕಡಾ ೭೦ರಷ್ಟು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಕಾರಣ. ೨೦೦೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಲಸಿಕೆಯ ರಚನೆಯಂತೂ ಬಲು ಸೊಗಸಾದದ್ದು. ಹೊಲದಲ್ಲಿ ಬೆಳೆದ ನಮ್ಮ ಕಡೆಯ ಮಂದಿಗೆ ಜೊಳ್ಳು ಎಂದರೇನೆಂದು ಹೇಳಬೇಕಾಗಿಲ್ಲ. ಹೊರಗಿನಿಂದ ಕಾಳಿನಂತೆಯೇ ಕಾಣುತ್ತದೆ. ಒಳಗೆ ತಿರುಳಿಲ್ಲ, ಬಿತ್ತಿದರೆ ಮೊಳೆಯದು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಇಯಾನ್ ಫ್ರೇಜರ್ ಮತ್ತು ಚೀನದಿಂದ ಬಂದಿದ್ದ ಜಿಯಾನ್ ಝೌ ಇಬ್ಬರೂ ಕೂಡಿ ೧೯೯೧ರಲ್ಲಿ ಮಾಡಿ ತೋರಿಸಿದ್ದು ಅಂಥ ಜೊಳ್ಳನ್ನೇ. ವೈರಸ್ಸಿನ ಹೊರಸಿಪ್ಪೆಯ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಮಾತ್ರ ತಯಾರಿಸಿದರೆ ಅದು ತನ್ನಷ್ಟಕ್ಕೆ ತಾನೇ ಕೂಡಿಕೊಂಡು ಚೆಂಡಿನಾಕಾರ ತಾಳುತ್ತದೆ. ಒಳಗೆ ವೈರಸ್ಸಿನ ತಿರುಳಿಲ್ಲದ್ದರಿಂದ ಅದು ರೋಗವನ್ನು ಹುಟ್ಟಿಸಲಾರದು. ಆದರೆ ನಮ್ಮ ರಕ್ತದಲ್ಲಿ ಪಹರೆ ತಿರುಗುವ ಬಿಳಿಯ ಕಣಗಳು ಅದನ್ನು ಶತ್ರುವೆಂದೇ ಬಗೆದು, ಅದರ ಚಹರೆಯನ್ನು ನೆನಪಿಟ್ಟುಕೊಂಡು, ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತವೆ. ಮುಂದೆ ನಿಜವಾದ ವೈರಸ್ಸು ಬಂದಾಗ ಅದಕ್ಕೆ ಒಳಗೆ ಕಾಲಿಡಲು ಎಡೆಯಿರುವುದಿಲ್ಲ. ಝೌ ೧೯೯೯ರಲ್ಲಿಯೇ ತೀರಿಕೊಂಡನು. ೨೦೦೬ರಲ್ಲಿ ಅಮೆರಿಕೆಯಲ್ಲಿ ಈ ಲಸಿಕೆಗೆ ಮೊದಲ ಮಂಜೂರಾತಿ ದೊರೆತುದನ್ನು ಅವನು ಕಾಣಲಿಲ್ಲ. ನಮ್ಮ ನೆರೆಯ ಪುಣೆಯ ಸೀರಮ್ ಸಂಸ್ಥೆಯವರು ಇದೇ ತತ್ತ್ವದ ಮೇಲೆ ಸರ್ವಾವ್ಯಾಕ್ ಎಂಬ ಲಸಿಕೆಯನ್ನು ತಯಾರಿಸಿ ೨೦೨೨ರಲ್ಲಿ ಮಂಜೂರಾತಿ ಪಡೆದರು.

ಫಲವೇನು ಎಂದರೆ, ಸ್ಕಾಟ್ಲೆಂಡಿನಿಂದ ೨೦೨೪ರ ಜನವರಿಯಲ್ಲಿ ಬಂದ ವರದಿಯನ್ನು ನೋಡಬಹುದು. ಅಲ್ಲಿ ೧೨–೧೩ರ ವಯಸ್ಸಿನಲ್ಲಿ ಪೂರ್ಣವಾಗಿ ಲಸಿಕೆ ಪಡೆದ ಹುಡುಗಿಯರು ಈಗ ಬೆಳೆದು ದೊಡ್ಡವರಾಗಿದ್ದಾರೆ. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರು ಒಬ್ಬರಲ್ಲಿಯೂ ಕಂಡುಬಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಅದೇ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರು ಶೇಕಡಾ ೮೭ರಷ್ಟು ತಗ್ಗಿತೆಂದು ೨೦೨೧ರಲ್ಲಿ ಲೆಕ್ಕ ಕೊಟ್ಟರು. ಕ್ಯಾನ್ಸರಿನ ಹೆಸರು ಕೇಳಿದರೆ ಕೈಕಾಲು ತಣ್ಣಗಾಗುವ ನಮಗೆ ಇದು ಸಣ್ಣ ಸುದ್ದಿಯೇ?

ಇನ್ನು ನಮ್ಮ ದೇಶದ ಕತೆ. ಇದರಲ್ಲಿ ಹೆಮ್ಮೆಗೂ ಎಡೆಯುಂಟು, ತಲೆ ತಗ್ಗಿಸುವುದಕ್ಕೂ ಎಡೆಯುಂಟು.

೨೦೦೯ರಲ್ಲಿ ಅಮೆರಿಕೆಯ ಪಾಥ್ ಎಂಬ ಸಂಸ್ಥೆಯೂ ನಮ್ಮ ವೈದ್ಯಕೀಯ ಸಂಶೋಧನ ಮಂಡಳಿಯೂ ಕೂಡಿ, ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಅನಂತರ ಗುಜರಾತಿನ ವಡೋದರಾ ಜಿಲ್ಲೆಯಲ್ಲಿ, ೧೦ರಿಂದ ೧೪ ವರ್ಷದ ಸಾವಿರಾರು ಹುಡುಗಿಯರಿಗೆ ಈ ಲಸಿಕೆಯನ್ನು ಹಾಕಿಸುವ ಒಂದು ಯೋಜನೆಯನ್ನು ನಡೆಸಿದವು. ಮುಂದೆ ಆ ಹುಡುಗಿಯರಲ್ಲಿ ಏಳು ಮಂದಿ ಬೇರೆ ಬೇರೆ ಸಮಯದಲ್ಲಿ ಸತ್ತರೆಂಬ ಸುದ್ದಿ ಹಬ್ಬಿತು. ೨೦೧೦ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಒಬ್ಬಳು ನೀರಿನಲ್ಲಿ ಮುಳುಗಿ, ಇನ್ನೊಬ್ಬಳು ಹಾವು ಕಚ್ಚಿ, ಮತ್ತೆ ಕೆಲವರು ಕೀಟನಾಶಕ ಕುಡಿದು, ಜ್ವರ ಬಂದು, ಹೀಗೆ ಸತ್ತಿದ್ದರು. ಲಸಿಕೆಯಿಂದ ಈ ಸಾವುಗಳಾದುವೆನ್ನುವುದಕ್ಕೆ ಆಧಾರವಿಲ್ಲವೆಂದು ವಿಚಾರಣಾ ಸಮಿತಿಯವರು ತೀರ್ಮಾನಿಸಿದರು. ಈ ತೀರ್ಮಾನವನ್ನು ಒಪ್ಪದಿರಲು ನಮಗೆ ಕಾರಣ ಕಾಣದು.

ಆದರೆ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಪಾಲಕರ ಒಪ್ಪಿಗೆಯ ಪತ್ರಗಳನ್ನು ತೆಗೆದು ನೋಡಿದಾಗ, ಆಂಧ್ರದ ೯,೫೪೩ ಪತ್ರಗಳಲ್ಲಿ ೧,೯೪೮ಕ್ಕೆ ಹೆಬ್ಬೆಟ್ಟಿನ ಗುರುತಿತ್ತು. ೨,೭೬೩ಕ್ಕೆ ವಿದ್ಯಾರ್ಥಿನಿಲಯದ ಮೇಲ್ವಿಚಾರಕರೇ ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿಯು ೨೦೧೩ರಲ್ಲಿ ಸಲ್ಲಿಸಿದ ತನ್ನ ವರದಿಯಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಹೆಬ್ಬೆಟ್ಟು ಒತ್ತಿದವರನ್ನು ಹಳಿಯುವ ಮಾತು ನಮ್ಮದಲ್ಲ. ಓದಿ ಹೇಳಿದವರಾರು, ಯಾವ ಮಾತಿನಲ್ಲಿ ಹೇಳಿದರು, ತಿಳಿಯಿತೇ ಎಂದು ಮರಳಿ ಕೇಳಿದವರಾರು? ತಂದೆತಾಯಿಗಳು ಬದುಕಿರುವಾಗ ಮೇಲ್ವಿಚಾರಕರು ಸಹಿ ಮಾಡಿದರೆಂದರೆ, ಆ ಬಡ ಮನೆಗಳಿಗೆ ಹೋಗಿ ನಾಲ್ಕು ಮಾತು ಹೇಳುವುದು ಯಾರಿಗೂ ಅಗತ್ಯವೆನಿಸಲಿಲ್ಲವೆಂದೇ ಅರ್ಥ. ಒಳ್ಳೆಯ ಲಸಿಕೆಯೊಂದು ಹೀಗೆ ಕೆಟ್ಟ ಹೆಸರು ಹೊತ್ತಿತು. ಆ ಹೆಸರು ಅಳಿಯಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ನೋಡಿದರೆ ಈ ಅಲಕ್ಷ್ಯದ ಬೆಲೆ ತಿಳಿದೀತು. ೨೦೨೪ರ ಫೆಬ್ರವರಿ ಒಂದರ ಮುಂಗಡಪತ್ರದ ಭಾಷಣದಲ್ಲಿ ಕೇಂದ್ರದ ಅರ್ಥಮಂತ್ರಿಗಳು ೯ರಿಂದ ೧೪ ವರ್ಷದ ಹುಡುಗಿಯರಿಗೆ ಈ ಲಸಿಕೆ ಹಾಕಿಸುವುದನ್ನು ಸರಕಾರ ಪ್ರೋತ್ಸಾಹಿಸುವುದೆಂದು ಸಾರಿದರು. ನಡುವೆ ಕಳೆದುಹೋದದ್ದು ಹದಿನಾಲ್ಕು ವರ್ಷ. ಆಗ ಹತ್ತು ವರ್ಷದವಳಾಗಿದ್ದ ಹುಡುಗಿ ಇಷ್ಟರಲ್ಲಿ ತಾನೇ ತಾಯಿಯಾಗಿರಬಹುದು.

ಇದೇ ಗೊಂದಲದ ನಡುವೆ ಒಂದು ಸೋಜಿಗವೂ ನಡೆಯಿತು. ಫ್ರಾನ್ಸಿನ ಲಿಯಾನಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರು, ಎರಡು ಡೋಸು ಸಾಕೋ ಮೂರು ಬೇಕೋ ಎಂದು ತಿಳಿಯಲು, ಮುಂಬಯಿ, ಪುಣೆ, ಬಾರ್ಶಿ ಮೊದಲಾದ ಊರುಗಳಲ್ಲಿ ಬೇರೊಂದು ಪರೀಕ್ಷೆಯನ್ನು ನಡೆಸುತ್ತಿದ್ದರು. ಖಮ್ಮಮಿನ ಗದ್ದಲದಿಂದಾಗಿ ಅದನ್ನೂ ಸರಕಾರ ನಡುವೆಯೇ ನಿಲ್ಲಿಸಿತು. ಸುಮಾರು ೫,೦೦೦ ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿ ಉಳಿದದ್ದು ಸಿಗದೆ ಹೋಯಿತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ನೋಡುತ್ತ ಬಂದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶವೆಂದರೆ, ೧೬ ಮತ್ತು ೧೮ನೆಯ ಬಗೆಗಳ ಬಿಡದ ಸೋಂಕನ್ನು ತಡೆಯುವುದರಲ್ಲಿ ಒಂದು ಡೋಸು ಶೇಕಡಾ ೯೫ರಷ್ಟು ಫಲಕಾರಿ; ಎರಡು, ಮೂರು ಡೋಸುಗಳಿಗೆ ಏನೂ ಕಡಿಮೆಯಿಲ್ಲ. ೨೦೨೨ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ಕ್ರಮವನ್ನೂ ಒಪ್ಪಿಕೊಂಡಾಗ ಆಧಾರವಾಗಿ ನಿಂತ ಸಾಕ್ಷ್ಯಗಳಲ್ಲಿ ನಮ್ಮ ದೇಶದ ಈ ಹುಡುಗಿಯರ ಸಾಕ್ಷ್ಯವೂ ಒಂದು. ಬಡ ದೇಶಗಳ ಲಸಿಕೆಯ ಖರ್ಚು ಇದರಿಂದ ಅರ್ಧಕ್ಕಿಳಿಯಿತು. ಬಾರ್ಶಿಯ ಹೊಲಗೇರಿಯ ಹುಡುಗಿಯರಿಂದ ಆಫ್ರಿಕೆಯ ಹುಡುಗಿಯರಿಗೆ ಉಪಕಾರವಾಯಿತೆಂದು ಯಾರು ತಾನೆ ಎಣಿಸಿದ್ದರು!

ಮುಂಬಯಿಯಲ್ಲಿರುವ ನಮಗೆ ಈ ವಿಚಾರಗಳೆಲ್ಲ ಹೊಸವಾಗಬಾರದಾಗಿತ್ತು. ಪರೇಲದಲ್ಲಿ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡವನ್ನು ನಮ್ಮ ವಿದ್ಯಾರ್ಥಿಗಳು ಹೊರಗಿನಿಂದಲಾದರೂ ನೋಡಿರಬೇಕು. ೧೮೯೬ರಲ್ಲಿ ಈ ನಗರಕ್ಕೆ ಪ್ಲೇಗು ಬಂದಾಗ, ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮಾರ್ ಹಾಫ್‌ಕಿನ್ ಇಲ್ಲಿಗೆ ಬಂದು, ಭಾಯಖಳದ ಒಂದು ಸಣ್ಣ ಕೋಣೆಯಲ್ಲಿ ಲಸಿಕೆಯನ್ನು ತಯಾರಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಅದೇ ಕಾಲದಲ್ಲಿ ಸರಕಾರದ ಪ್ಲೇಗು ಅಧಿಕಾರಿಗಳು ಏನು ಮಾಡುತ್ತಿದ್ದರು? ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದರು. ಅಂಥ ಭಯದಿಂದಲೇ ೧೮೯೬ರ ಅಕ್ಟೋಬರಿನಲ್ಲಿ ಗಿರಣಿಯ ಕೂಲಿಕಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಏರಿಹೋದರು. ಪುಣೆಯಲ್ಲಿ ಸಿಪಾಯಿಗಳ ಜಬರದಸ್ತಿ ಮಿತಿಮೀರಿ, ೧೮೯೭ರ ಜೂನಿನಲ್ಲಿ ರ‍್ಯಾಂಡ್ ಸಾಹೇಬನು ಗುಂಡೇಟಿಗೆ ಗುರಿಯಾದನು. ಹಾಫ್‌ಕಿನ್ ಹಿಡಿದ ದಾರಿ ಬೇರೆ. ಅವನಿಗೆ ಬೆಂಬಲವಾಗಿ ನಿಂತ ಆಗಾ ಖಾನರು ತಮ್ಮ ಜನರ ಕಣ್ಣೆದುರಿಗೆ ಒಂದಲ್ಲ, ಹಲವು ಸಲ ಲಸಿಕೆ ಹಾಕಿಸಿಕೊಂಡರು. ಖೋಜಾ ಸಮಾಜದವರು ಅದನ್ನು ಕಂಡು ತಾವಾಗಿಯೇ ತೋಳು ಒಡ್ಡಿದರು. ನಮ್ಮ ಹುಬ್ಬಳ್ಳಿಯಲ್ಲಿಯೂ ೧೮೯೮ರ ಪ್ಲೇಗಿನಲ್ಲಿ ಹತ್ತಾರು ಸಾವಿರ ಜನ ಇದೇ ಲಸಿಕೆಯನ್ನು ಹಾಕಿಸಿಕೊಂಡರು.

ಹಾಗೆಂದು ಲಸಿಕೆಯ ಇತಿಹಾಸದಲ್ಲಿ ಎಲ್ಲವೂ ಸುಸೂತ್ರವಾಗಿತ್ತೆಂದು ಹೇಳಲಾಗದು. ೧೯೦೨ರಲ್ಲಿ ಪಂಜಾಬದ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್ನನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ಬಿಡಿಸಿದರು. ಸೀಸೆಯ ಬಿರಟೆ ತೆಗೆಯುವ ಇಕ್ಕಳ ಹಳ್ಳಿಯಲ್ಲಿ ನೆಲಕ್ಕೆ ಬಿದ್ದು ಮಲಿನವಾಗಿದ್ದುದೇ ಕಾರಣವೆಂದು ಬಲವಾದ ಸಾಕ್ಷ್ಯವಿದ್ದರೂ, ಅವನ ಮೇಲಿನ ಕಳಂಕ ತೊಲಗಲು ೧೯೦೭ರ ವರೆಗೆ ಕಾಯಬೇಕಾಯಿತು. ಮಲಿನವಾದ ಇಕ್ಕಳದಿಂದಲೂ ಜನ ಸಾಯುತ್ತಾರೆ. ಆದುದರಿಂದ ಲಸಿಕೆ ಹಾಕುವವರನ್ನು ಪ್ರಶ್ನೆ ಕೇಳುವ ಪಾಲಕರನ್ನು ಅಜ್ಞಾನಿಗಳೆಂದು ಗದರಿಸುವುದು ನಮಗೆ ಸಮ್ಮತವಲ್ಲ. ಪ್ರಶ್ನೆಗೆ ಉತ್ತರವಿದೆ. ಉತ್ತರವನ್ನು ಹೇಳಬೇಕು, ಅಷ್ಟೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿನದೇ ಒಂದು ನಿದರ್ಶನವಿದೆ. ೧೮೦೫ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅವರಲ್ಲೊಬ್ಬರು ಸೆರಗನ್ನು ಸರಿಸಿ ತೋಳು ತೋರಿಸುವಂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡುದನ್ನು ಜನಕ್ಕೆ ತೋರುವುದಕ್ಕಾಗಿ ಬರೆದ ಚಿತ್ರವಿದು ಎಂದು ಇತಿಹಾಸಕಾರರೊಬ್ಬರು ಊಹಿಸಿದ್ದಾರೆ. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಆದರೂ ಹೆಂಗಸಿನ ಅಂಜಿಕೆಯನ್ನು ಇನ್ನೊಬ್ಬ ಹೆಂಗಸೇ ಕಳೆಯಬಲ್ಲಳೆಂಬ ತಿಳಿವು ಆ ಕಾಲದ ಅರಮನೆಗೆ ಇತ್ತೆಂದು ನಂಬಲು ನಮಗೆ ಮನಸ್ಸಾಗುತ್ತದೆ.

ಮಾತಿನ ವಿಷಯ ಬಂದುದರಿಂದ ಒಂದೆರಡು ಸಾಲು ಹೆಚ್ಚು ಬರೆದರೆ ವಾಚಕರು ಮನ್ನಿಸಬೇಕು. ಸಿಡುಬಿಗೆ ಕನ್ನಡದಲ್ಲಿ ಮೈಲಿ ಎಂಬ ಹೆಸರುಂಟು. ಅಮ್ಮ ಬಂದಿದ್ದಾಳೆ ಎನ್ನುವುದೂ ಉಂಟು. ನಮ್ಮ ನೆರೆಯ ಮರಾಠಿಯವರೂ ಅದನ್ನು ದೇವಿಯೆಂದೇ ಕರೆದರು. ಅದಕ್ಕೆ ಹಾಕುವ ಲಸಿಕೆಗೆ ಹಳ್ಳಿಗರು ದಾಕು ಎಂದರು. ದಾಕು ಹಾಕುವವರು ಬಂದರೆಂದರೆ ಮಕ್ಕಳು ಅಟ್ಟ ಹತ್ತಿ ಅಡಗುತ್ತಿದ್ದರಂತೆ. ಚುಚ್ಚುಮದ್ದು ಎಂಬುದೂ ಜನರೇ ಮಾಡಿಕೊಂಡ ಮಾತು, ಎಷ್ಟು ಅರ್ಥವತ್ತಾದ ಮಾತು! ಸಿಡುಬು ೧೯೮೦ರಲ್ಲಿ ಲೋಕದಿಂದಲೇ ಇಲ್ಲವಾಯಿತೆಂದು ಸಾರಿದರು. ಪೋಲಿಯೋ ೨೦೧೧ರ ಜನವರಿಯ ತರುವಾಯ ನಮ್ಮ ದೇಶದ ಮಕ್ಕಳನ್ನು ನಿಸರ್ಗದ ವೈರಸ್ಸಿನಿಂದ ಕಾಡಿಲ್ಲ. ಕನ್ನಡದಲ್ಲಿ ವಿಜ್ಞಾನ ಹೇಳಲು ಶಬ್ದಗಳಿಲ್ಲವೆನ್ನುವವರು, ಶಬ್ದಕ್ಕಾಗಿ ಹುಡುಕಿದ್ದಾರೆಯೇ ಎಂಬುದೇ ನಮ್ಮ ಸಂದೇಹ. ವೈರಸ್ಸನ್ನು ವೈರಸ್ಸೆಂದೇ ಕರೆದರೆ ಕನ್ನಡಕ್ಕೇನೂ ಮೈಲಿಗೆಯಾಗದು. ಆದರೆ ವಾಕ್ಯ ಕನ್ನಡದ್ದಾಗಿರಬೇಕು.

ರೋಗನಿರೋಧ ಶಾಸ್ತ್ರದ ಮುಂದುವರಿಕೆ ಈ ಒಂದು ಲಸಿಕೆಯಲ್ಲಿ ನಿಂತಿಲ್ಲ. ಕ್ಯಾನ್ಸರಿನ ಕೋಶಗಳು ನಮ್ಮ ಬಿಳಿಯ ಕಣಗಳ ಗಾಲಿಗೆ ಅಡೆಗಲ್ಲು ಕೊಟ್ಟು ನಿಲ್ಲಿಸುತ್ತವೆಂದೂ, ಆ ಕಲ್ಲನ್ನು ತೆಗೆದರೆ ಬಂಡಿ ಮತ್ತೆ ಚಲಿಸುವುದೆಂದೂ ತೋರಿಸಿದ ಅಮೆರಿಕೆಯ ಆಲಿಸನ್, ಜಪಾನಿನ ಹೊಂಜೊ ಇಬ್ಬರಿಗೂ ೨೦೧೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸಸಾರಜನಕವನ್ನು ಕೊಡುವ ಬದಲು ಅದನ್ನು ತಯಾರಿಸುವ ಬಗೆಯನ್ನು ಬರೆದ ಚೀಟಿಯನ್ನಷ್ಟೇ ದೇಹದ ಕೋಶಗಳಿಗೆ ಕಳುಹಿಸುವ ವಿಧಾನವನ್ನು ಕಾರ್ಯಸಾಧ್ಯ ಮಾಡಿದ ಕಾರಿಕೊ ಮತ್ತು ವೈಸ್‌ಮನ್ ೨೦೨೩ರಲ್ಲಿ ಅದೇ ಮನ್ನಣೆ ಪಡೆದರು. ಈ ಚೀಟಿಯ ವಿಧಾನದಿಂದ, ಚರ್ಮದ ಒಂದು ಕ್ರೂರ ಕ್ಯಾನ್ಸರಿಗೆ ಒಳಗಾದ ಒಬ್ಬೊಬ್ಬ ರೋಗಿಗೂ ಅವರವರ ಗಡ್ಡೆಯ ಗುರುತನ್ನು ನೋಡಿ ಬೇರೆ ಬೇರೆ ಲಸಿಕೆ ಹೆಣೆದು, ೧೫೭ ರೋಗಿಗಳ ಪರೀಕ್ಷೆಯೊಂದರಲ್ಲಿ ಕೊಟ್ಟು ನೋಡಿದರು. ಅಡೆಗಲ್ಲು ತೆಗೆಯುವ ಔಷಧವೊಂದನ್ನೇ ಪಡೆದವರಿಗಿಂತ, ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಇಲ್ಲವೆ ಸಾವು ಬರುವ ಸಂಭವ ಶೇಕಡಾ ೪೪ರಷ್ಟು ಕಡಿಮೆಯಾಯಿತೆಂದು ೨೦೨೪ರಲ್ಲಿ ಪ್ರಕಟಿಸಿದರು. ೧೫೭ ಎಂಬುದು ಸಣ್ಣ ಸಂಖ್ಯೆ. ಅದರ ಮೇಲೆ ಅರಮನೆ ಕಟ್ಟುವಂತಿಲ್ಲ.

ಹಾಫ್‌ಕಿನ್ ಸಂಸ್ಥೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿಯ ಡಾಕ್ಟರರೂ ಪವಯಿಯ ಐಐಟಿಯ ವಿಜ್ಞಾನಿಗಳೂ ಕೂಡಿ, ರೋಗಿಯ ಬಿಳಿಯ ಕಣಗಳನ್ನೇ ಹೊರತೆಗೆದು, ಅವುಗಳಿಗೆ ಕ್ಯಾನ್ಸರಿನ ಗುರುತು ಹಿಡಿಯುವ ವಿದ್ಯೆ ಕಲಿಸಿ, ಮರಳಿ ದೇಹದೊಳಕ್ಕೆ ಬಿಡುವ ಚಿಕಿತ್ಸೆಯನ್ನು ನಮ್ಮಲ್ಲಿಯೇ ಸಾಧಿಸಿದರು. ೨೦೨೩ರಲ್ಲಿ ಅದಕ್ಕೆ ಮಂಜೂರಾತಿ ದೊರೆತು, ೨೦೨೪ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣ ಮಾಡಿದರು. ರಕ್ತದ ಕೆಲವು ಕ್ಯಾನ್ಸರುಗಳಿಗೆ ಇದು ಉಪಯುಕ್ತ. ಬೆಲೆ ಹೊರದೇಶದಲ್ಲಿರುವುದರ ಸುಮಾರು ಹತ್ತನೆಯ ಒಂದು ಪಾಲು. ಇದು ದೊಡ್ಡ ಸಾಧನೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತನೆಯ ಪಾಲೂ ಲಕ್ಷಗಳ ಲೆಕ್ಕದಲ್ಲಿದೆ; ನಮ್ಮ ಪಾಲಕರ ಇಡೀ ಜೀವಮಾನದ ಉಳಿತಾಯ ಅದರ ಮುಂದೆ ಏನೇನೂ ಅಲ್ಲ. ಆದುದರಿಂದ ವೃತ್ತಪತ್ರಗಳ ಮೊದಲ ಪುಟಕ್ಕೆ ಬರುವ ಸಾಧನೆಗಳಿಗಿಂತ ತೋಳಿಗೆ ಚುಚ್ಚುವ ಆ ಒಂದು ಡೋಸಿನ ಜೊಳ್ಳೇ ಬಡವರ ಪಾಲಿಗೆ ದೊಡ್ಡದೆಂಬುದು ನಮ್ಮ ಮತ.

ನಮ್ಮ ಶಾಲೆಯಲ್ಲಿ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ, ಉಡುಪಿ, ಮಂಗಳೂರಿನ ಕಡೆಯಿಂದ ಹೋಟೆಲಿನ ಕೆಲಸಕ್ಕೆ ಬಂದವರ ಮಕ್ಕಳೂ ಕೂಡಿ ಓದುತ್ತಾರೆ. ಈ ಲಸಿಕೆಯ ಮಾತೆತ್ತಿದಾಗ ಒಬ್ಬ ತಾಯಿ ನಮ್ಮನ್ನು ಬದಿಗೆ ಕರೆದು, "ಅಕ್ಕಾರ, ಈ ಸೂಜಿ ಮಾಡಿಸಿದ್ರ ಮುಂದ ಹುಡುಗಿಗೆ ಮಕ್ಕಳಾಗೂದಿಲ್ಲ ಅಂತಾರಲ್ಲರೀ, ಖರೇ ಏನ್ರಿ?" ಎಂದು ಕೇಳಿದರು. ಇನ್ನೊಬ್ಬರದು, "ಟೀಚರೇ, ಇಷ್ಟು ಸಣ್ಣ ಹುಡುಗಿಗೆ ಈಗಲೇ ಯಾಕೆ? ಮದುವೆ ಆದ ಮೇಲೆ ಹಾಕಿಸಿದರೆ ಆಗುವುದಿಲ್ಲವಾ?" ಎಂಬ ಪ್ರಶ್ನೆ. ಎರಡೂ ತೂಕವುಳ್ಳ ಪ್ರಶ್ನೆಗಳೇ. ಬಂಜೆತನ ಬರುವುದೆಂಬ ಮಾತಿಗೆ ಆಧಾರವಿಲ್ಲ. ೨೦೦೬ರಿಂದ ಕೋಟಿಗಟ್ಟಲೆ ಹುಡುಗಿಯರು ಹಾಕಿಸಿಕೊಂಡಿದ್ದಾರೆ, ಅವರಲ್ಲಿ ಎಷ್ಟೋ ಜನ ಇಂದು ತಾಯಂದಿರು. ತೋಳು ನೋಯುವುದು, ಸಣ್ಣ ಜ್ವರ ಬರುವುದು, ಹೆದರಿ ತಲೆಸುತ್ತು ಬರುವುದು ಉಂಟು. ಅದಕ್ಕಾಗಿ ಚುಚ್ಚಿದ ಮೇಲೆ ಕಾಲು ಗಂಟೆ ಕೂರಿಸುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಅನೇಕರು ಮುಜುಗರ ಪಡುತ್ತಾರೆ. ಈ ವೈರಸ್ಸು ಸ್ತ್ರೀಪುರುಷರ ದೇಹಸಂಬಂಧದಿಂದ ಹರಡುವಂಥದು. ದಾಂಪತ್ಯ ಜೀವನ ನಡೆಸುವ ಹೆಚ್ಚಿನವರಿಗೆ ಎಂದಾದರೊಮ್ಮೆ ತಗುಲಿಯೇ ತಗುಲುತ್ತದೆ. ಬಹುಮಂದಿಯಲ್ಲಿ ತಾನೇ ಅಳಿಯುತ್ತದೆ, ಕೆಲವರಲ್ಲಿ ಉಳಿದು ವರ್ಷಗಳ ಮೇಲೆ ಕ್ಯಾನ್ಸರಾಗುತ್ತದೆ. ಶೀಲದ ಮಾತು ಇಲ್ಲಿ ಬರುವುದಿಲ್ಲ. ಒಳಗೆ ಬಂದುಬಿಟ್ಟ ವೈರಸ್ಸನ್ನು ಈ ಲಸಿಕೆ ಹೊರದೂಡಲಾರದು, ಬಾರದಂತೆ ತಡೆಯಬಲ್ಲದು. ನೆರೆ ಬರುವ ಮುಂಚೆ ಒಡ್ಡು ಹಾಕಬೇಕೆನ್ನುವುದು ನಮ್ಮ ರೈತರಿಗೆ ತಿಳಿಯದ್ದೇನಲ್ಲ.

ಈ ನಾಲ್ಕು ಮಾತು ಹೇಳಲು ಹತ್ತು ನಿಮಿಷ ಸಾಕು. ಆದರೆ ಆ ತಾಯಂದಿರು ಇದೇ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಕೇಳುವುದಿಲ್ಲ. ಕೇಳಲು ಮರಾಠಿ ಸಾಲದು, ಹಿಂದಿ ಸಾಲದು, ಇಂಗ್ಲಿಷಂತೂ ದೂರ. ಬಜಾರದ ವ್ಯವಹಾರಕ್ಕೆ ಸಾಲುವ ಭಾಷೆ ಮೈಯ ಒಳಗಿನ ಮಾತಿಗೆ ಸಾಲುವುದಿಲ್ಲ. ಈ ನಾಡಿನಲ್ಲಿದ್ದ ಮೇಲೆ ಮರಾಠಿಯನ್ನು ಚೆನ್ನಾಗಿ ಕಲಿಯಬೇಕೆಂದು ಹೇಳುವವರ ಮಾತು ನಮಗೆ ಮಾನ್ಯ. ನಮ್ಮ ವಿದ್ಯಾರ್ಥಿಗಳು ಕಲಿಯುತ್ತಲೂ ಇದ್ದಾರೆ. ಆದರೆ ಮಗಳು ಮರಾಠಿ ಕಲಿತು ಮುಗಿಸುವ ವರೆಗೆ ತಾಯಿಯ ಒಪ್ಪಿಗೆಯನ್ನು ಯಾರು ಕೊಡಬೇಕು? ಮಗಳೇ ತಾಯಿಗೆ ಅರ್ಥ ಹೇಳಿ, ತನ್ನ ದೇಹದ ವಿಷಯದ ಕಾಗದಕ್ಕೆ ತಾಯಿಯಿಂದ ಸಹಿ ಹಾಕಿಸಿಕೊಂಡು ಬರುವುದು ಶೋಭಿಸುವ ರೀತಿಯಲ್ಲ. ಕೋವಿಡ್ ಲಸಿಕೆಯ ಕಾಲದಲ್ಲಿ, ೨೦೨೧ರ ಮೊದಲ ತಿಂಗಳುಗಳಲ್ಲಿ, ಹೆಸರು ನೋಂದಾಯಿಸುವ ಕೋವಿನ್ ತಾಣ ಇಂಗ್ಲಿಷಿನಲ್ಲಷ್ಟೇ ಇತ್ತು. ಕನ್ನಡವೂ ಸೇರಿ ದೇಶಭಾಷೆಗಳು ಅದರಲ್ಲಿ ಬಂದದ್ದು ಜೂನ್ ತಿಂಗಳಲ್ಲಿ, ಎರಡನೆಯ ಅಲೆ ಬಡಿದುಹೋದ ಮೇಲೆ. ಮೊಬೈಲು ಬಲ್ಲ ಮಕ್ಕಳಿದ್ದ ಮನೆಯವರು ಹೇಗೋ ಪಾರಾದರು. ಉಳಿದವರು ಸಾಲಿನ ಕೊನೆಯಲ್ಲಿ ನಿಂತರು.

ದೊಡ್ಡ ದೊಡ್ಡ ಪದವೀಧರರು ಬೇಕೆಂಬ ಹಟವೂ ನಮಗಿಲ್ಲ. ಇದೇ ಮುಂಬಯಿಯ ಕೊಳಚೆ ವಸತಿಗಳಲ್ಲಿ ಟಾಟಾ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿಯವರ ತಂಡ ೧೯೯೮ರಿಂದ ಒಂದು ಪ್ರಯೋಗ ನಡೆಸಿತು. ಹತ್ತನೆಯ ಇಯತ್ತೆ ಓದಿದ ಹೆಂಗಸರನ್ನು ಆರಿಸಿ, ನಾಲ್ಕು ವಾರ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಹೆಂಗಸರನ್ನು ಒಡಂಬಡಿಸಿ, ವಿನೆಗರಿನಂಥ ತೆಳು ಆಮ್ಲವನ್ನು ಗರ್ಭಕೊರಳಿಗೆ ಸವರಿ, ಬಿಳಿಯ ಕಲೆ ಮೂಡಿತೇ ಎಂದು ಬರಿಗಣ್ಣಿನಿಂದ ನೋಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ಈ ಪ್ರಯೋಗದಲ್ಲಿ, ಪರೀಕ್ಷೆ ನಡೆದ ವಸತಿಗಳಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ ೩೧ರಷ್ಟು ಇಳಿಯಿತೆಂದು ೨೦೧೩ರಲ್ಲಿ ವರದಿ ಮಾಡಿದರು. ಹೋಲಿಕೆಗೆಂದು ಅರ್ಧದಷ್ಟು ಹೆಂಗಸರನ್ನು ಪರೀಕ್ಷಿಸದೆ ಬಿಟ್ಟದ್ದು ಸರಿಯೇ ಎಂಬ ಟೀಕೆಯೂ ಬಂದಿತು. ಆ ಟೀಕೆಯನ್ನು ನಾವು ಸುಳ್ಳೆನ್ನಲಾರೆವು. ಅದಂತಿರಲಿ, ಮೆಟ್ರಿಕ್‌ವರೆಗೆ ಓದಿದ ಹೆಂಗಸರು, ನೆರೆಹೊರೆಯ ಮಾತಿನಲ್ಲಿ ಮಾತಾಡಿ, ನೂರಾರು ಡಾಕ್ಟರರ ಕೆಲಸ ಮಾಡಿದರೆಂಬುದು ಕನ್ನಡ ಮಾಧ್ಯಮದ ಮೆಟ್ರಿಕ್ ಓದಿಗೆ ಬೆಲೆಯೇನೆಂದು ಕೇಳುವವರಿಗೆ ಹೇಳಬೇಕಾದ ಸಂಗತಿ.

ಲಸಿಕೆ ಮಗಳಿಗಾದರೆ ತಾಯಿಗೆ ಈ ಪರೀಕ್ಷೆ. ಮೂವತ್ತು ದಾಟಿದ ಹೆಂಗಸರು ಐದು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕೆಂದು ೨೦೧೬ರಲ್ಲಿಯೇ ಸರಕಾರ ನಿಯಮ ಮಾಡಿದೆ. ಲಸಿಕೆ ಪಡೆದ ಹುಡುಗಿಯರೂ ಆ ವಯಸ್ಸಿಗೆ ಬಂದಾಗ ಇದನ್ನು ಬಿಡುವಂತಿಲ್ಲ, ಏಕೆಂದರೆ ವೈರಸ್ಸಿನ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ.

ಬರುವ ವರ್ಷದ ಮೊದಲ ಪಾಲಕರ ಸಭೆಗೆ ತಾಯಂದಿರನ್ನು ಬೇರೆಯಾಗಿ ಕರೆಯಬೇಕೆಂದು ಶಿಕ್ಷಕಿಯರೆಲ್ಲ ಸೇರಿ ಯೋಚಿಸಿದ್ದೇವೆ. ಕನ್ನಡ ಬಲ್ಲ ಡಾಕ್ಟರರೊಬ್ಬರನ್ನು ಬರಮಾಡಿಕೊಳ್ಳಬೇಕು. ಒಪ್ಪಿಗೆಯ ಪತ್ರ ಯಾವ ಭಾಷೆಯಲ್ಲಿ ಬಂದರೂ ಅದರ ಕನ್ನಡವನ್ನು ಒಂದು ಹಾಳೆಯಲ್ಲಿ ಬರೆದು, ಓದಲಾರದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಸಹಿಯನ್ನು ಅಂದೇ ಕೇಳುವುದು ಬೇಡ. ಹಾಳೆಯನ್ನು ಮನೆಗೊಯ್ದು, ಅತ್ತೆಯೊಡನೆ, ಗಂಡನೊಡನೆ, ಬೇಕಾದರೆ ಊರಿಗೆ ಫೋನು ಮಾಡಿ ಹಿರಿಯರೊಡನೆ ಮಾತಾಡಿಕೊಂಡು, ಎಂಟು ದಿನ ಬಿಟ್ಟು ಬರಲಿ. ಬೇಡವೆಂದವರ ಹುಡುಗಿಯನ್ನು ತರಗತಿಯಲ್ಲಿ ಯಾರೂ ಎತ್ತಿ ಆಡಬಾರದು. ಸಭೆಯ ದಿನಾಂಕವನ್ನು ಶಾಲೆಯ ಫಲಕದಲ್ಲಿ ಬರೆಯುತ್ತೇವೆ; ಭಾನುವಾರ ಹೋಟೆಲಿನವರಿಗೆ ಬಿಡುವಿರುವುದಿಲ್ಲವಾದ್ದರಿಂದ ವಾರದ ನಡುವಿನ ಒಂದು ಮಧ್ಯಾಹ್ನವನ್ನು ಗೊತ್ತುಮಾಡುವೆವು.